ಮಿಸ್ತ್ರಿ ಕೊಟ್ಟ ಗಂಟು

ಮೊನ್ನೆ ಸುಣ್ಣ ಹಚ್ಚಿಸಲೆಂದು ಕಾಳಿನ ಕೋಣೆ ಖಾಲಿ ಮಾಡಿಸುವಾಗ ಗೋಡೆಯ ಗೂಡಿನಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚುವ ಮೊದಲೇ ಹಳೆಯ ಗೇರ್ ಆಯಿಲ್ಲಿನ ವಾಸನೆ ಬಂತು... ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅರಕೇರಾದಲ್ಲಿ ನಮ್ಮದೊಂದು ಟ್ರ್ಯಾಕ್ಟರ್ ಇತ್ತು. ಅದರ ಗೇರ್ ಪೆಟ್ಟಿಗೆ ಕೆಟ್ಟಾಗ ದೇವದುರ್ಗದ ಮಿಸ್ತ್ರಿಯ ಬಳಿ ಒಯ್ದೆ. ಬೇವಿನ ಗಿಡದ ಕೆಳಗೆ ಅವನ ತಗಡಿನ ಅಂಗಡಿ. ಕೆಲಸಕ್ಕೆ ಕೂರುವ ಮೊದಲು ತಲೆಯ ಟೋಪಿ ತೆಗೆದು ಗಿಡಕ್ಕೆ ಬಡಿದ ಮೊಳೆಗೆ ಸಿಕ್ಕಿಸುತ್ತಿದ್ದ. ಬಿಚ್ಚಿ ತೆಗೆದ ಹಳೆಯ ಸಾಮಾನನ್ನು ಬಟ್ಟೆಯಲ್ಲಿ ಕಟ್ಟಿ ಮಾಲೀಕನ ಕೈಗೇ ಕೊಡುವುದು ಅವನ ರೂಢಿ. "ಪೆಟ್ಟಿಗಿ ಮುಚ್ಚಿದ ಮ್ಯಾಲ ನನ್ನ ಕೆಲಸ ಯಾರಿಗಿ ಕಾಣ್ತದ್ರಿ? ಇದೇ ನನ್ನ ಸಾಕ್ಷಿ" ಎನ್ನುತ್ತಿದ್ದ. ನನಗೂ ಕೊಟ್ಟ. "ಮೊದಲ ಹೊಲದಾಗ ಓಡಿಸಿ ನೋಡ್ರಿ ಗೌಡ್ರ, ಕೂಲಿ ಆಮ್ಯಾಲ" ಎಂದು ಟ್ರ್ಯಾಕ್ಟರ್ ಬಿಟ್ಟುಕೊಟ್ಟ.

ಆರು ದಿನದ ಕೂಲಿ ಹೇಳಿದ್ದ. ಊರಲ್ಲಿ ಎಲ್ಲರೂ ನಕ್ಕರು. ಮಾನ್ವಿಯಲ್ಲಾದರೆ ಎರಡೇ ದಿನದ ಕೆಲಸ, ನೀನು ಮೋಸ ಹೋದೆ ಎಂದರು. ಮುಂದಿನ ಸಂತೆಯ ದಿನ ಅವನ ಅಂಗಡಿಯ ಮುಂದೆ ನಿಂತು ಕೂಗಾಡಿದೆ. ಜನ ಸೇರಿದರು. ಎದುರಿನ ಕಾಳಿನ ಅಂಗಡಿಯ ಹಿರಿಯರು ನ್ಯಾಯ ಹೇಳಲು ಕೂತರು.

"ಆರು ದಿನ ನಟ್ಟು ಬಿಚ್ಚೂ ಪಾನಾ ಹಿಡ್ದಿದ್ದೇನು ಮಿಸ್ತ್ರಿ, ಚಾದ ಬಸಿ ಹಿಡ್ದಿದ್ದೇನು?" ಎಂದು ಯಾರೋ ಕೆಣಕಿದರು.

"ಎರಡೂ ಹಿಡ್ದೀನ್ರಿ" ಎಂದು ಮಿಸ್ತ್ರಿಯೂ ನಕ್ಕ. "ಪೆಟ್ಟಿಗಿ ಮತ್ತ ಬಿಚ್ಚೂದು ಬ್ಯಾಡ. ಹಳೇ ಗೇರು ಗೌಡ್ರ ಮನ್ಯಾಗ ಅದಾವ. ತಂದು ತೋರಸ್ಲಿ, ಎಷ್ಟು ಕೆಲಸ ಇತ್ತು ಅಂತ ತಿಳೀತದ, ಸಾಕು."

ಹಿರಿಯರು ನನ್ನನ್ನು ನೋಡಿದರು. ಅಷ್ಟು ಹೊತ್ತು ಕೂಗಾಡಿದ ಬಾಯಿ ಹಿಂದೆ ಸರಿಯಲಿಲ್ಲ.

"ಯಾವ ಗೇರು? ನಂಗೇನೂ ಕೊಟ್ಟಿಲ್ಲ."

ಮಿಸ್ತ್ರಿಯ ನಗು ನಿಂತಿತು... "ಕೂಲಿ ಬ್ಯಾಡ್ರಿ ಗೌಡ್ರ. ಪೂರಾ ಬಿಟ್ಟೆ. ಕೊಟ್ಟಾನ ಅಂತ ಒಂದು ಮಾತು ಅನ್ರಿ."

ನಾನು ಅನ್ನಲಿಲ್ಲ.

ಗೇರು ಹಾಕದೆ ಕೂಲಿ ಕೇಳುವ ಮಿಸ್ತ್ರಿ ಎಂಬ ಮಾತು ಡ್ರೈವರುಗಳ ಬಾಯಲ್ಲಿ ಮಾನ್ವಿಯವರೆಗೂ ಹೋಯಿತು. ಮಳೆಗಾಲ ಬರುವಷ್ಟರಲ್ಲಿ ಅವನ ಅಂಗಡಿ ಮುಚ್ಚಿತು. ಬೇವಿನ ಗಿಡದಲ್ಲಿ ಟೋಪಿಯ ಮೊಳೆ ಮಾತ್ರ ಉಳಿಯಿತು.

ಐದಾರು ವರ್ಷದ ಮೇಲೆ ಅದೇ ಟ್ರ್ಯಾಕ್ಟರಿನಲ್ಲಿ ರಾಯಚೂರಿನ ಜಿನ್ನಿಂಗ್ ಮಿಲ್ಲಿಗೆ ಹತ್ತಿ ಒಯ್ದೆ. ಅಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದವರಲ್ಲಿ ಅವನಿದ್ದ. ಸಪ್ಪಳದಿಂದಲೇ ಗಾಡಿಯ ಗುರುತು ಹಿಡಿದು ಹತ್ತಿರ ಬಂದ. ಗಡ್ಡದ ತುಂಬ ಹತ್ತಿಯ ಎಳೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ...

"ಪೆಟ್ಟಿಗಿ ಏನರ ತ್ರಾಸು ಕೊಡ್ತದೇನ್ರಿ ಗೌಡ್ರ?"

"ಇಲ್ಲ."

"ಕೊಡಂಗಿಲ್ಲ" ಎಂದು ಅಲ್ಲೇ ನಿಂತ. ಯಾವ ಮಾತಿಗೆ ಕಾಯುತ್ತಿದ್ದಾನೆ ಎಂದು ನನಗೆ ತಿಳಿದಿತ್ತು. ಸುತ್ತ ನಮ್ಮೂರಿನವರಿದ್ದರು. ನಾನು ಬೆನ್ನು ತಿರುಗಿಸಿ ಟ್ರೈಲರಿನ ಹಗ್ಗ ಬಿಚ್ಚತೊಡಗಿದೆ.

ಮರುವರ್ಷ ಆ ಮಾತು ಹೇಳಲೆಂದೇ ಮಿಲ್ಲಿಗೆ ಹೋದೆ. ಬೇಸಿಗೆಯಲ್ಲೇ ತೀರಿಕೊಂಡ ಎಂದರು.

ಅಂದು ನ್ಯಾಯಕ್ಕೆ ಕೂತವರು, ನಕ್ಕವರು, ಯಾರೂ ಈಗ ಇಲ್ಲ. ಟ್ರ್ಯಾಕ್ಟರೂ ಗುಜರಿಗೆ ಹೋಯಿತು. ಹಲ್ಲು ಮುರಿದ ಎರಡು ಗೇರುಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಕೊಟ್ಟಿದ್ದ. ಈ ಕೈಗೇ ಕೊಟ್ಟಿದ್ದ... ಈಗ ಯಾರಿಗೆ ತೋರಿಸಲಿ?