ಸೊಂಟ ಮೂವತ್ತೆರಡು, ಉದ್ದ ನಲವತ್ತೊಂದು

ಟೈಲರಣ್ಣನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಚಿಕ್ಕಂದಿನಲ್ಲಿ ಕೆಲಸ ಕಲಿಯುವಾಗ ಮಿಷನ್ ಸೂಜಿ ಉಗುರಿನಿಂದ ಹೊಕ್ಕು ಅಡಿಯಿಂದ ಹೊರಬಂದಿತ್ತಂತೆ. ಬೆರಳ ತುದಿಯಲ್ಲಿ ಗಂಟು ಕಟ್ಟಿದ್ದರಿಂದ ಯಾವ ಫೋನೂ ಆ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಎಡಗೈ ಕಿರುಬೆರಳು ಒತ್ತಿ ಫೋನ್ ತೆರೆಯುತ್ತಿದ್ದ. ರೇಷನ್ ಅಂಗಡಿಯಲ್ಲೂ ಅದೇ ಗೋಳು. "ನಾನ್ಯಾರು ಅಂತ ಸರ್ಕಾರಕ್ಕೂ ಗೊತ್ತಾಗಕಿಲ್ಲ ಕಣ್ಲಾ, ಒಳ್ಳೇದೇ ಆಯ್ತು ಬುಡು" ಎಂದು ನಗುತ್ತಿದ್ದ.

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನ ಅಂಗಡಿ. ಒಳಗೆ ಬೆಂಚಿನ ಮೇಲೆ ಕೂತರೆ ಬಾಗಿಲ ತುಂಬ ಬೆಟ್ಟದ ಬಂಡೆಯೇ ಕಾಣುತ್ತಿತ್ತು, ಆಕಾಶ ಕಾಣಬೇಕಾದರೆ ಬಗ್ಗಬೇಕಿತ್ತು. ಶಾಲೆ ಯೂನಿಫಾರಂ, ಪ್ಯಾಂಟು, ಹಳೇ ಬಟ್ಟೆಯ ರಿಪೇರಿ. ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ನಿದ್ದೆ.

ನಾನು ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಕಡೆಯವನು. ಪಾವಗಡದ ಸೋಲಾರ್ ಪಾರ್ಕಿನಲ್ಲಿ, ಬಲಸಮುದ್ರದ ಹತ್ತಿರ, ಪ್ಯಾನೆಲ್ ತೊಳೆಸುವ ಸೂಪರ್‌ವೈಸರ್ ಕೆಲಸ. ಕಣ್ಣು ಹಾಯುವವರೆಗೂ ಪ್ಯಾನೆಲ್ಲು, ನಿಲ್ಲಲು ಒಂದು ಮರದ ನೆರಳಿಲ್ಲ. ಅಲ್ಲಿ ಕೂತು ನಾನು ಫೋನಿನಲ್ಲಿ ಆ ಆ್ಯಪ್ ತೆರೆಯುತ್ತಿದ್ದೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಅದು ಗಂಡಸರನ್ನು ಹುಡುಕುವ ಗಂಡಸರಿಗೆ ಇರುವಂಥದ್ದು. ತೆರೆದರೆ ಚೌಕ ಚೌಕವಾಗಿ ಫೋಟೋಗಳು, ಒಬ್ಬೊಬ್ಬರ ಕೆಳಗೂ ಅವರು ನಮ್ಮಿಂದ ಎಷ್ಟು ದೂರದಲ್ಲಿದ್ದಾರೆ ಎಂಬ ಅಂಕಿ. ಬೆಂಗಳೂರಿನಲ್ಲಿ ಆ ದೂರ ಮೀಟರಿನಲ್ಲಿರುತ್ತದೆ. ನನಗೆ ಅತಿ ಹತ್ತಿರದವನೇ ಮೂವತ್ತು ಕಿಲೋಮೀಟರ್ ಆಚೆ ಇರುತ್ತಿದ್ದ. ನಮ್ಮ ಕಡೆಯವರು ಯಾರೂ ಮುಖ ಹಾಕುವುದಿಲ್ಲ. ಬೈಕು, ಬೆಟ್ಟ, ಗುಲಾಬಿ, ಆಂಜನೇಯ. ನಂದು ಒಂದು ಕೆರೆ ಕೋಡಿ.

ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ, ಆ ಇಡೀ ನಾಲ್ಕು ತಾಲ್ಲೂಕಿಗೆ ಮುಖ ಹಾಕಿದವನು ಒಬ್ಬನೇ. ಕೊರಳಲ್ಲಿ ಅಳತೆ ಟೇಪು, ಅರ್ಧ ನರೆತ ಮೀಸೆ. ಕೆಳಗೆ ಕನ್ನಡದಲ್ಲಿ ಬರೆದಿತ್ತು: ರಕ್ತ ತಪಾಸಣೆ ಪುಕ್ಕಟೆ, ಜೊತೆಗೆ ಬರ್ತೀನಿ, ಬೇರೆ ಉದ್ದೇಶ ಇಲ್ಲ. ಅವನು ನನಗೆ ಕಳಿಸಿದ ಮೊದಲ ಮೆಸೇಜು, ಊಟ ಆಯ್ತಾ? ಇವನು ಪೊಲೀಸಿನವನೇ ಇರಬೇಕು ಎಂದುಕೊಂಡು ಬ್ಲಾಕ್ ಮಾಡಿದೆ. ಮೂರು ವಾರದ ನಂತರ ನಾನೇ ತೆಗೆದೆ. ಅಷ್ಟರಲ್ಲಿ ನನಗೆ ಬಿಟ್ಟು ಬಿಟ್ಟು ಜ್ವರ ಬರುತ್ತಿತ್ತು. ಬೆಂಗಳೂರಿಗೆ ಹೋದಾಗ ಒಮ್ಮೆ ಕಾಂಡೋಮ್ ಇಲ್ಲದೆ ಮೈಮರೆತಿದ್ದೆ, ಎಚ್‌ಐವಿಯ ಭಯ ತಲೆ ತಿನ್ನುತ್ತಿತ್ತು. ಆಯ್ತು ಅಣ್ಣ ಊಟ, ಎಂದು ಬರೆದೆ. ಅಳತೆ ಕೊಡಕ್ಕೆ ಬಾ ಎಂದ.

ಅವನಿಗೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಯಾರನ್ನೂ ಅವರ ಊರಿನಲ್ಲಿ ತಪಾಸಣೆಗೆ ಕರೆದೊಯ್ಯುತ್ತಿರಲಿಲ್ಲ. ಶಿರಾದವರನ್ನು ಪಾವಗಡಕ್ಕೆ, ಪಾವಗಡದವರನ್ನು ಮಧುಗಿರಿಗೆ, ಕೊರಟಗೆರೆಯವರನ್ನು ಶಿರಾಕ್ಕೆ. ಆಸ್ಪತ್ರೆಯವರು ಬಾಯಿ ಬಿಡುವವರಲ್ಲ, ಆದರೆ ಚೀಟಿ ಸಾಲಿನಲ್ಲಿ ನಿಂತ ಚಿಕ್ಕಮ್ಮನ ಬಾಯಿಗೆ ಯಾರು ಬೀಗ ಹಾಕುತ್ತಾರೆ ಎಂಬುದು ಅವನ ವಾದ. ನನಗೆ ಶಿರಾ, ಪಾವಗಡ ಎರಡೂ ಕಡೆ ನೆಂಟರಿದ್ದುದರಿಂದ ಮಧುಗಿರಿಯೇ ಗಟ್ಟಿಯಾಯಿತು. ರಕ್ತ ಕೊಟ್ಟು ಕಾಯುವಾಗ ನನ್ನ ಕಾಲು ತಂತಾನೇ ಕುಣಿಯುತ್ತಿತ್ತು. ಅವನು ಅದರ ಮೇಲೆ ಕೈ ಇಟ್ಟು, ಕಾಯಿಲೆ ಬಂದಿದ್ದರೂ ಏನೂ ಮುಳುಗಿಹೋಗುವುದಿಲ್ಲ ಎಂದು ಶುರು ಮಾಡಿದ. ನೀನೇನು ಬಲ್ಲೆ ಎಂದು ರೇಗಿದೆ.

"ನಂಗೈತೆ ಕಣ್ಲಾ" ಎಂದ. "ಅನ್ನೊಂದು ವರ್ಸ ಆಯ್ತು. ದಿನಕ್ಕೊಂದು ಮಾತ್ರೆ. ಬಸ್ಸಿನ ಟೈಮ್ ಇದ್ದಂಗೆ, ತಪ್ಪುಸ್ಕಬಾರ್ದು, ಅಷ್ಟೆ."

ನನಗೆ ಇರಲಿಲ್ಲ. ಆಪ್ತಸಮಾಲೋಚಕರು, ಈಗಲೇ ಪೂರ್ತಿ ಹೇಳಲಾಗದು, ಮೂರು ತಿಂಗಳಿಗೆ ಇನ್ನೊಮ್ಮೆ ಬನ್ನಿ ಎಂದರು. ಟೈಲರಣ್ಣ ಅಂಗಡಿಗೆ ಕರೆತಂದು, ಗುಂಡಿ ಡಬ್ಬದಿಂದ ಕಾಂಡೋಮ್ ಪೊಟ್ಟಣಗಳನ್ನು ತೆಗೆದು ಚೀಲಕ್ಕೆ ಹಾಕಿದ. ಕಾಯಿಲೆ ಇಲ್ಲದವರು ಅದು ಬರದಂತೆ ತೆಗೆದುಕೊಳ್ಳುವ ಮಾತ್ರೆಯೂ ಇದೆಯೆಂದು ಆವತ್ತೇ ನನಗೆ ಗೊತ್ತಾದದ್ದು. ಆಮೇಲೆ ನಿಲ್ಲಿಸಿ ನಿಜಕ್ಕೂ ಅಳತೆ ತೆಗೆದ. ಸೊಂಟ ಮೂವತ್ತೆರಡು, ಉದ್ದ ನಲವತ್ತೊಂದು. ಬರೆದುಕೊಳ್ಳಲಿಲ್ಲ, ನನ್ನ ನಂಬರನ್ನೇ ಆ ಅಳತೆಯ ಹೆಸರಿನಲ್ಲಿ ಫೋನಿಗೆ ಹಾಕಿಕೊಂಡ. ಅವನ ಏರ್ಪಾಡು ಅದು. ನಮ್ಮಂಥವರ ಹೆಸರು ಅವನ ಫೋನಿನಲ್ಲಿ ಇರಲೇ ಇಲ್ಲ. ತಪಾಸಣೆಯ ದಿನ ಬಂದರೆ, ನಿಮ್ಮ ಪ್ಯಾಂಟ್ ರೆಡಿ ಇದೆ ಎಂಬ ಮೆಸೇಜು. ಎರಡನೇ ತಪಾಸಣೆಗೆ, ಟ್ರಯಲ್ ನೋಡಕ್ಕೆ ಬನ್ನಿ. ಹೆಂಡತಿ ಓದಿದರೂ ಏನೂ ಇಲ್ಲ.

ಒಬ್ಬನ ಹೆಂಡತಿ ಓದಿದಳು ಕೂಡ. ಕೊರಟಗೆರೆಯಿಂದ ಬಸ್ ಹತ್ತಿ, ಗಂಡನಿಗೆ ಬಿಡುವಿಲ್ಲ, ಪ್ಯಾಂಟ್ ಕೊಡಿ ಎಂದು ಬಂದೇಬಿಟ್ಟಳಂತೆ. ಪ್ಯಾಂಟೂ ಇಲ್ಲ, ಬಟ್ಟೆಯೂ ಇಲ್ಲ. ಗುಂಡಿ ಕಾಜ ಒಂದು ಬಾಕಿಯಿದೆ, ಕೂತಿರು ತಾಯಿ ಎಂದು ಅವಳನ್ನು ಪಕ್ಕದ ಹೂವಿನಕ್ಕನ ಹತ್ತಿರ ಕೂರಿಸಿ, ಇದ್ದ ಒಂದು ಬೂದು ಬಟ್ಟೆ ಕತ್ತರಿಸಿ ಎರಡು ಗಂಟೆಯಲ್ಲಿ ಹೊಲಿದು ಕೊಟ್ಟ. ಅಳತೆ ಹೇಗೂ ಫೋನಿನಲ್ಲೇ ಇತ್ತು. ಆಮೇಲೆ ಬಂದವರಿಗೆಲ್ಲ ಒಂದೊಂದು ಪ್ಯಾಂಟ್ ಹೊಲಿದೇ ಇಡುತ್ತಿದ್ದ. ಈ ಕತೆ ಹೇಳಿ ಅವನು ನಕ್ಕರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನೂ ನಗುತ್ತಿದ್ದೆ. ಅದರಲ್ಲೇ ಒಂದು ತೂತಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮಾಮೂಲಿ ಗಿರಾಕಿಗಳು ಅವನ ಫೋನಿನಲ್ಲಿ ಹೆಸರಿನಿಂದ ಇದ್ದರು. ನಾವು ಮಾತ್ರ ಅಳತೆಯಲ್ಲಿದ್ದೆವು.

ಆ ಬೇಸಿಗೆಯಲ್ಲಿ ಆ್ಯಪಿನಲ್ಲಿ ಒಂದು ಖಾಲಿ ಚೌಕ ಕಾಣಿಸಿಕೊಂಡಿತು. ಫೋಟೋ ಇಲ್ಲ, ಹೆಸರಿಲ್ಲ. ಅಂಥವು ಎಷ್ಟೋ ಇರುತ್ತವೆ, ಆದರೆ ಇದು ತಿರುಗುತ್ತಿತ್ತು. ಸೋಮವಾರ ನನ್ನಿಂದ ನಲವತ್ತೆರಡು ಕಿಲೋಮೀಟರ್. ಬುಧವಾರ ಹದಿನೆಂಟು. ಒಂದು ದಿನ ಮಟಮಟ ಮಧ್ಯಾಹ್ನ ಆರೇ ಕಿಲೋಮೀಟರ್. ಸುತ್ತ ನೋಡಿದರೆ ಪ್ಯಾನೆಲ್ಲು, ಬಿಸಿಲು, ನೀರಿನ ಟ್ಯಾಂಕರ್ ಬಿಟ್ಟರೆ ಏನಿಲ್ಲ. ಫೋಟೋ ಕಳಿಸು, ಎಲ್ಲಿದ್ದೀಯ, ಎಂದು ಅದು ಕೇಳುತ್ತಿತ್ತು. ನಾನು ಉತ್ತರಿಸಲಿಲ್ಲ. ಅದೇ ವಾರ ಆ ಚೌಕದಿಂದ ಕೊರಟಗೆರೆ ಕಡೆಯ ಒಬ್ಬನನ್ನು ಹುಣಸೆ ತೋಪಿಗೆ ಕರೆಸಿ, ಬಟ್ಟೆ ಬಿಚ್ಚಿಸಿ ಹೊಡೆದು, ವಿಡಿಯೋ ಮಾಡಿಕೊಂಡಿದ್ದರು. ಅವನು ಕೆಲಸ ಬಿಟ್ಟು ಊರನ್ನೇ ಬಿಟ್ಟ. ಟೈಲರಣ್ಣ ಎಲ್ಲರಿಗೂ ಬರೆದ: ಮುಖ ಕಳಿಸುವ ಮುಂಚೆ ದನಿ ಕೇಳಿ, ದನಿ ಕೇಳಿದ ಮೇಲೂ ನನ್ನ ಅಂಗಡಿಗೆ ಕಳಿಸಿ, ಅಳತೆ ತೆಗೆದು ಹೇಳ್ತೀನಿ. ಟೇಪು ಸುತ್ತಿದಾಗ ಮನುಷ್ಯ ಉಸಿರು ಹಿಡಿಯುವ ರೀತಿಯಲ್ಲೇ ಅವನು ಎಂಥವನೆಂದು ತಿಳಿಯುತ್ತದೆ ಎಂದು ಅವನು ನಂಬಿದ್ದ.

ನನ್ನ ಎರಡನೇ ತಪಾಸಣೆಯ ದಿನ ನಾನು ಅವನ ಬೆಂಚಿನ ಮೇಲಿದ್ದೆ. ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು, ಅಣ್ಣಾ ಅಣ್ಣಾ ಎಂದು ಬಾಯ್ತುಂಬ ಕರೆಯುತ್ತಿದ್ದ. ಆ್ಯಪಿನಲ್ಲಿ ನಿಮ್ಮನ್ನು ನೋಡಿದೆ, ಭಯವಾಗಿದೆ, ತಪಾಸಣೆ ಮಾಡಿಸಬೇಕು ಎಂದ. ಟೈಲರಣ್ಣ ಅಳತೆ ತೆಗೆದ. ಅವನು ಉಸಿರು ಸರಿಯಾಗಿಯೇ ಬಿಟ್ಟಿರಬೇಕು. ನಂಬರ್ ಹಾಕಿಕೊಳ್ಳುವಾಗ ಭುಜದ ಮೇಲಿಂದ ಬಗ್ಗಿ ಫೋನನ್ನೇ ನೋಡುತ್ತಿದ್ದ. ಪರದೆಯ ಮೇಲೆ ಅಂಕಿ, ಅಂಕಿ, ಅಂಕಿ. ನನಗೆ ಏನನ್ನಿಸಿತೋ, ನನ್ನ ಫೋನಿನಲ್ಲಿ ಆ್ಯಪ್ ತೆರೆದೆ. ಖಾಲಿ ಚೌಕ ಎಲ್ಲರಿಗಿಂತ ಮೊದಲಿತ್ತು. ದೂರ ನಾಲ್ಕು ಮೀಟರ್.

ಅವನು ನನ್ನ ಕಡೆ ತಿರುಗಿ, "ತಾವೂ ಇಲ್ಲೇ ಹೊಲ್ಸೋದಾ ಸಾರ್?" ಎಂದ.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ನಾನು ಎದ್ದು ಹೋದೆ. ನನ್ನ ತಂಗಿಗೆ ಆ ತಿಂಗಳು ಗಂಡು ಗೊತ್ತಾಗಿತ್ತು. ನನ್ನ ಹೆಸರು ಹೊರಗೆ ಬಂದರೆ ಅವಳ ಮದುವೆ ಮುರಿಯುತ್ತದೆ, ಅಪ್ಪ ಕೆರೆ ಏರಿಯ ಮೇಲೆ ತಲೆಯೆತ್ತಿ ನಡೆಯಲಾರ, ಇಷ್ಟೇ ತಲೆಯಲ್ಲಿದ್ದದ್ದು. ಟೈಲರಣ್ಣನ ಕಣ್ಣಿಗೆ ಕಣ್ಣು ಕೊಟ್ಟು ಒಂದು ಸನ್ನೆ ಮಾಡಬಹುದಿತ್ತು. ಮಾಡಲಿಲ್ಲ. ಪಾವಗಡದ ಬಸ್ ಹತ್ತಿ, ಮಧುಗಿರಿ ಬೆಟ್ಟ ಕಣ್ಮರೆಯಾದ ಮೇಲೆ ಮೆಸೇಜ್ ಕಳಿಸಿದೆ: ಅವನೇ ಇವನು, ನಿನ್ನ ಪಟ್ಟಿ ನೋಡಿದ್ದಾನೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಗೊತ್ತಾಯ್ತು, ನೀನು ಉಂಡು ಮಲಿಕ್ಕೊ.

ಆವತ್ತು ಸಂಜೆಯೇ ನಮಗೆಲ್ಲ ಕೊನೆಯ ಮೆಸೇಜ್ ಬಂತು. ಅಂಗಡಿ ಮುಚ್ತಾ ಇದೀನಿ. ನನ್ನ ನಂಬರ್ ಅಳಿಸಿಹಾಕಿ. ಮಾತ್ರೆ ತಿನ್ನೋರು ನಿಲ್ಲಿಸಬೇಡಿ. ಮೂರು ತಿಂಗಳಿಗೊಂದು ಸಲ ತಪಾಸಣೆ, ಬೇರೆ ಊರಲ್ಲೇ. ಸ್ವಲ್ಪ ಹೊತ್ತಿಗೆ ಆ್ಯಪಿನಿಂದ ಅವನ ಮುಖವೂ ಹೋಯಿತು. ನಾಲ್ಕು ತಾಲ್ಲೂಕಿನಲ್ಲಿ ಬೈಕು, ಬೆಟ್ಟ, ಗುಲಾಬಿ ಮಾತ್ರ ಉಳಿದವು.

ಅವನು ಹೇಳಿದಂತೆ ಮಾಡಿದೆ. ನಂಬರ್ ಅಳಿಸಿದೆ. ತಂಗಿಯ ಮದುವೆ ಆಯಿತು. ಯಾರೂ ನನಗೆ ಫೋನ್ ಮಾಡಿ ಬೆದರಿಸಲಿಲ್ಲ, ಯಾವ ವಿಡಿಯೋವೂ ಬರಲಿಲ್ಲ. ನಾಲ್ಕು ತಿಂಗಳು ನಾನು ಮಧುಗಿರಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಒಬ್ಬನೇ ಹೋಗಿ ರಕ್ತ ಕೊಟ್ಟು, ಇಲ್ಲ ಎಂಬ ಚೀಟಿ ಜೇಬಿಗಿಟ್ಟುಕೊಂಡು, ಅದನ್ನು ಅವನಿಗೆ ತೋರಿಸಬೇಕೆನಿಸಿ ಗಲ್ಲಿಗೆ ಹೋದೆ. ಶಟರ್ ಮೇಲೆ ಬೇರೆ ಬಣ್ಣ ಬಳಿದಿದ್ದರು. ಹೂವಿನಕ್ಕ ನನ್ನನ್ನು ಗುರುತು ಹಿಡಿದಳು.

ಅವಳು ಹೇಳಿದ್ದು ಇಷ್ಟು. ನಾನು ಎದ್ದು ಹೋದ ಮಾರನೇ ದಿನ ನಡುಮಧ್ಯಾಹ್ನ ಮೂವರು ಬಂದು ಶಟರ್ ಅರ್ಧ ಎಳೆದರಂತೆ. ಫೋನ್ ಕೊಡು, ಬೆರಳಿಡು ಎಂಬ ಮಾತು ಇವಳಿಗೆ ಕೇಳಿಸಿದೆ. ಅವರು ಬರುವ ಹೊತ್ತಿಗೆ ಅವನು ಫೋನನ್ನು ಕಲ್ಲಿನ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಜಜ್ಜಿ ಮುಗಿಸಿದ್ದ. ಅಳಿಸಿದರೆ ಸಾಲದಾ ಎಂದು ಇವಳು ಬೆಳಿಗ್ಗೆ ಕೇಳಿದ್ದಕ್ಕೆ, ಅಳಿಸಿದ್ದನ್ನು ವಾಪಸ್ ತೆಗೆಯುವವರು ಇದ್ದಾರೆ ಅಂದಿದ್ದನಂತೆ. ಮೂವರಿಗೂ ಸಿಕ್ಕಿದ್ದು ಗಾಜಿನ ಪುಡಿ. ಅದೇ ಪೆಟ್ಟಿಗೆಯಿಂದ ಅವನ ತಲೆಗೆ ಹೊಡೆದು ಹೋದರು. ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಬಿದ್ದೆ ಎಂದು ಬರೆಸಿದ. ಕಂಪ್ಲೇಂಟ್ ಕೊಡು ಎಂದು ಇವಳು ಅತ್ತರೂ ಕೇಳಲಿಲ್ಲ. "ಕೊಟ್ರೆ ಫೋನಲ್ಲಿ ಏನಿತ್ತು ಅಂತಾರೆ ಕಣಮ್ಮ" ಅಂದನಂತೆ. ವಾರಕ್ಕೆ ಅವನ ಅಕ್ಕ ಬಂದು ಕರೆದುಕೊಂಡು ಹೋದಳು. ಎರಡು ತಿಂಗಳು ತಲೆನೋವು ಎನ್ನುತ್ತಿದ್ದು, ಒಂದು ಬೆಳಿಗ್ಗೆ ಏಳಲಿಲ್ಲ. ಮಣ್ಣಿಗೆ ಹೋದವರು ಐದೋ ಆರೋ ಜನ. ನಮಗೆ ತಿಳಿಸುವ ಎಲ್ಲ ದಾರಿಯನ್ನೂ ಅವನೇ ಮುಚ್ಚಿ ಹೋಗಿದ್ದ.

ಅವನ ಅಕ್ಕನ ಊರು ಪಾವಗಡದಿಂದ ಆಚೆ, ಆಂಧ್ರದ ಗಡಿಯ ಹತ್ತಿರ. ಕೇಳಿಕೊಂಡು ಹೋದೆ. ಆಕೆ ಬಾಗಿಲಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ನೀನ್ಯಾರು, ಅವನಿಗೆ ಏನಾಗಬೇಕು ಎಂದಳು. ಬಸ್ಸಿನುದ್ದಕ್ಕೂ ಗಿರಾಕಿ ಎಂದು ಹೇಳುವುದಾಗಿ ಅಂದುಕೊಂಡು ಬಂದಿದ್ದೆ. ಆ ಮುಖ ನೋಡಿದ ಮೇಲೆ ಸುಳ್ಳು ಹೇಳಲಾಗಲಿಲ್ಲ. ಜನ್ಮದಲ್ಲಿ ಮೊದಲ ಸಲ, ಹಗಲಲ್ಲಿ, ಇನ್ನೊಬ್ಬರ ಎದುರು ಬಾಯಿಬಿಟ್ಟು ಹೇಳಿದೆ. ನಾನೂ ಅವನಂಥವನೇ ಅಕ್ಕ, ನನ್ನನ್ನು ಉಳಿಸಕ್ಕೇ ಅವನು ಏಟು ತಿಂದಿದ್ದು, ಅವತ್ತು ನಾನು ಬಿಟ್ಟು ಓಡಿದ್ದೆ.

ಆಕೆ ಬೀದಿಯ ಎರಡೂ ಕಡೆ ನೋಡಿ, ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು.

"ಮೆಲ್ಲುಗ್ ಮಾತಾಡು ನಾಯ್ನಾ. ಓದ್ವಾರ ಇಬ್ರು ಬಂದಿದ್ರು. ಅವನ ಸ್ನೇಯಿತ್ರು ಯಾರ್ಯಾರು, ಯಾರಾನ ನೋಡಕ್ ಬತ್ತಾರಾ ಅಂತ. ಇಸ್ತ್ರಿ ಮಾಡಿದ್ ಬಟ್ಟೆ, ಒಳ್ಳೆ ಮಾತು. ಎವರೂ ಲೇರು, ಅವನಿಗ್ಯಾರೂ ಇರ್ಲಿಲ್ಲ ಅಂದ್ಬುಟ್ಟೆ."

ಆಕೆ ತಟ್ಟೆ ತೊಳೆದು ತಂದು ಮುದ್ದೆ ಇಟ್ಟಳು.

"ಯಾರ್ ಕೇಳುದ್ರೂ, ನೀನೂ ಇಲ್ಲಿಗೆ ಬಂದೇ ಇಲ್ಲ. ಉಂಡು, ಇತ್ಲು ಬಾಗಿಲಿಂದ ಓಗು."