ಮಾವನ ರೂಮಿಗೆ ಇಷ್ಟು ತೇವ ಎಲ್ಲಿಂದ ಬಂತು?

ನಮ್ಮ ಬಳಗದಲ್ಲಿ ಒಂದು ಕಥೆ ಓಡಾಡುತ್ತಿದೆ. ಸಿಂಧನೂರಿನ ಹುಲಿಗೆಪ್ಪ ಮಾವ ರಿಟೈರ್ ಆದ ಮೇಲೆ ಹೆಂಡತಿಯನ್ನು ಮರೆತು ಸ್ಟ್ರಾಬೆರಿ ಗಿಡಗಳ ಜೊತೆ ಸಂಸಾರ ಹೂಡಿದ್ದಾರಂತೆ. ಮಧ್ಯಾಹ್ನದ ಊಟ ಮುಗಿದರೆ ಸಾಕು, ಹಿಂದಿನ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರಂತೆ. ಫೋನ್ ಎತ್ತುವುದಿಲ್ಲವಂತೆ. ಪಾಪ, ಗಂಗಮ್ಮ ಅತ್ತಿ ಒಬ್ಬಳೇ ಅಂತೆ.

ಎಷ್ಟೊಂದು ‘ಅಂತೆ’ ನೋಡಿ. ಈ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಹೇಳುವವಳು ಅವರ ಮಗಳು ಸುಜಾತಕ್ಕ, ಲಿಂಗಸುಗೂರಿನಲ್ಲಿ ಟೀಚರ್. “ನಮ್ಮಪ್ಪಗ ಹೆಂಡ್ತಿಗಿಂತ ಹಣ್ಣು ಹೆಚ್ಚಾಗ್ಯಾವ” ಅನ್ನುತ್ತಾಳೆ.

ನಾನು ಕಾಲೇಜಿನಲ್ಲಿ ಡಿಬೇಟ್ ಮಾಡಿಕೊಂಡೇ ಬೆಳೆದವಳು. ಎಲ್ಲರೂ ಒಂದೇ ಮಾತು ಹೇಳತೊಡಗಿದರೆ ನನಗೆ ನಾಲಿಗೆ ತುರಿಸುತ್ತದೆ. ಸಾಕ್ಷಿ ಎಲ್ಲಿ? ಯಾರು ನೋಡಿದ್ದಾರೆ?

ಸಾಕ್ಷಿ ಸಿಕ್ಕಿದ್ದು ಮೊನ್ನೆ, ಒಂದು ಡಿಹ್ಯೂಮಿಡಿಫೈಯರ್ ಆರಿಸಲು ಹೋದಾಗ. (ಗಾಳಿಯಲ್ಲಿರುವ ತೇವವನ್ನು ಎಳೆದು ನೀರು ಮಾಡಿ ಹೊರಗೆ ಬಿಡುವ ಮಿಷನ್. ಅತ್ತಿ ಅದನ್ನು ‘ತ್ಯಾವದ ಡಬ್ಬಿ’ ಅನ್ನುತ್ತಾಳೆ. ನನಗೆ ಆ ಹೆಸರೇ ಇಷ್ಟ.)

ಸಿಂಧನೂರಿನ ಬಿಸಿಲಲ್ಲಿ ಸ್ಟ್ರಾಬೆರಿಯೇ? ನಾನೂ ಹಾಗೇ ಕೇಳಿದ್ದೆ. ಮಾವ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಸರ್ವಿಸಿನ ಬಹುಪಾಲು ರಾತ್ರಿ ಬಸ್ಸು. ರಿಟೈರ್ ಆದ ಮೇಲೆ ಅತ್ತಿಯನ್ನು ಮಹಾಬಳೇಶ್ವರಕ್ಕೆ ಕರೆದುಕೊಂಡು ಹೋದರು. ರಸ್ತೆ ಬದಿ ಒಂದು ಬುಟ್ಟಿ ಸ್ಟ್ರಾಬೆರಿ ತಿಂದ ಅತ್ತಿ, ವಾಪಸ್ ಬರುವಾಗ ಒಂದೇ ಮಾತು ಕೇಳಿದಳು: “ಇದು ನಮ್ಮ ಕಡೆ ಬೆಳೆಯಂಗಿಲ್ಲೇನ್ರಿ?”

ಅಷ್ಟೇ. ಮಾವ ಹಿಂದಿನ ರೂಮಿನ ಕಿಟಕಿಗಳಿಗೆ ಥರ್ಮಾಕೋಲ್ ಬಡಿದರು. ಏಸಿ ಹಾಕಿಸಿದರು. ರ‍್ಯಾಕು, ಎಲ್‌ಇಡಿ ಲೈಟು, ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ. ಇರುವೆ ಹೋಗಲೂ ಸಂದಿಲ್ಲ. “ಏಸಿ ಸ್ಲೀಪರ್ ಬಸ್ ಇದ್ದಂಗ ಐತಿ ನೋಡು, ಪ್ಯಾಸೆಂಜರ್ ಎಲ್ಲಾ ಗಿಡಗೋಳು” ಅಂದರು ನನಗೆ ತೋರಿಸಿ.

ಈ ಸಲ ಕಾಲುವೆಗೆ ನೀರು ಬಿಟ್ಟ ಮೇಲೆ ತೊಂದರೆ ಶುರುವಾಯಿತು. ಊರ ಸುತ್ತ ಭತ್ತದ ಗದ್ದೆ, ಗದ್ದೆ ತುಂಬ ನೀರು, ಮೇಲೆ ಮಳೆ. ರೂಮಿನೊಳಗೆ ಹಣ್ಣಿನ ಮೇಲೆ ಬೂದಿ ಬಣ್ಣದ ಬೂಷ್ಟು ಕಾಣಿಸಿತು. ಇವತ್ತು ಒಂದು ಹಣ್ಣು, ನಾಳೆ ಅದರ ಪಕ್ಕದ್ದು. ಹೀಗೇ ಬಿಟ್ಟರೆ ಗಿಡಗಳೆಲ್ಲಾ ಹೋಗುತ್ತವೆ. ಅತ್ತಿಗೆ ಇನ್ನೂ ಒಂದು ಬಟ್ಟಲು ತುಂಬ ಹಣ್ಣು ಕೊಟ್ಟಿಲ್ಲ ಮಾವ.

ಮಸ್ಕಿಯಲ್ಲಿದ್ದ ನನಗೆ ಮಾವನ ಫೋನ್ ಬಂತು. ಡಿಬೇಟಿನ ಕಾಲದಿಂದ ಅವರಿಗೆ ನಾನು ‘ವಕೀಲಮ್ಮ’. “ವಕೀಲಮ್ಮ, ಒಂದು ಮಿಷನ್ ತಗೋಬೇಕು. ಅಂಗಡಿಯಾವ ಅಂದಿದ್ದಕ್ಕೆಲ್ಲಾ ನಾ ಹೂಂ ಅಂತೀನಿ. ಇಲ್ಲಾ ಅನ್ನಾಕ ನೀ ಬೇಕು.”

ಇಂಥ ಆಮಂತ್ರಣ ಯಾರಾದರೂ ಬಿಡುತ್ತಾರೆಯೇ?

ಸಿಂಧನೂರಿಗೆ ಹೋಗಿ, ಮಾವನ ಪಕ್ಕ ಕೂತು, ಹೈದರಾಬಾದಿನ ಡೀಲರ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. “ರೂಮು ಎಷ್ಟು ಸ್ಕ್ವೇರ್ ಫೂಟ್ ಮೇಡಂ?” ಅಂದ.

“ಸ್ಕ್ವೇರ್ ಫೂಟ್ ಯಾಕ್ರೀ? ನೆಲ ಬೆವರಂಗಿಲ್ಲ, ಗಿಡ ಬೆವರ್ತಾವ.”

ವಾದ ಇಷ್ಟೇ. ಬಾಗಿಲು ಮುಚ್ಚಿದ ರೂಮಿನಲ್ಲಿ ಗಿಡಕ್ಕೆ ಹಾಕಿದ ನೀರು ಎಲ್ಲಿ ಹೋಗುತ್ತದೆ? ಹೆಚ್ಚುಕಡಿಮೆ ಎಲ್ಲವೂ ಎಲೆಯಿಂದ ಗಾಳಿಗೆ ಬರುತ್ತದೆ. ದಿನಕ್ಕೆ ಎಷ್ಟು ನೀರು ಒಳಗೆ ಹೋಗುತ್ತದೋ ಅಷ್ಟನ್ನು ಮಿಷನ್ ಹೊರಗೆ ಹಾಕಬೇಕು. ಡಬ್ಬದ ಮೇಲೆ ಬರೆದಿರುವ ಲೀಟರ್ ಲೆಕ್ಕ ನಂಬುವ ಹಾಗಿಲ್ಲ, ಅದು ಸೆಖೆ ತುಂಬಿದ ಕೋಣೆಯ ಲೆಕ್ಕ. ನಮ್ಮ ತಂಪು ರೂಮಿನಲ್ಲಿ ಅದು ಎಳೆಯುವುದು ಕಡಿಮೆಯೇ. ಇನ್ನು ಲೈಟ್ ಆರಿಸಿದ ಮೇಲೆ ರೂಮು ಬೇಗ ತಣ್ಣಗಾಗಿ, ಒಂದಿಷ್ಟು ತೇವ ಎಳೆಯುತ್ತಿದ್ದ ಏಸಿಯೂ ಮಲಗಿಬಿಡುತ್ತದೆ, ತೇವ ಮಲಗುವುದಿಲ್ಲ.

ಡೀಲರ್ ಕೇಳಿದ: “ಮೇಡಂ, ನೀವು ಏನ್ ಕೆಲಸ ಮಾಡ್ತೀರಿ?”

“ವಾದ ಮಾಡ್ತಾಳ್ರಿ” ಅಂದರು ಮಾವ. ಆ ದನಿಯಲ್ಲಿ ಹೆಮ್ಮೆಯೇ ಇತ್ತು ಅಂದುಕೊಂಡಿದ್ದೇನೆ.

ದೊಡ್ಡ ಮಿಷನ್ನಿನ ವಿಡಿಯೊ ನೋಡಿ ಮಾವ ತಲೆ ಅಲ್ಲಾಡಿಸಿದರು. “ಘಾಟಿ ಏರೋ ಲಾರಿ ಸದ್ದು ಮಾಡ್ತದ ಇದು. ಬ್ಯಾಡ.”

“ಗಿಡಕ್ಕ ಕಿವಿ ಎಲ್ಲಿ ಅದಾವ ಮಾವ?”

“ಇರ್ಲಿ ಬಿಡವ್ವ. ಸದ್ದು ಕಡಿಮಿ ಇದ್ದದ್ದು ನೋಡು.”

ಗಿಡಗಳ ನೀರಿನ ಲೆಕ್ಕಕ್ಕೆ ಸರಿಹೊಂದುವ, ಸದ್ದು ಕಡಿಮೆ ಇರುವ ಒಂದನ್ನು ಆರಿಸಿದೆವು. ಬಂತು, ಕೂತಿತು, ರಾತ್ರಿಯೆಲ್ಲಾ ಚೆನ್ನಾಗಿ ಎಳೆಯಿತು. ಆದರೆ ಸಂಜೆ ಮುಂದೆ ರೂಮಿನ ತೇವ ತೋರಿಸುವ ಮೀಟರ್ ಏರಿಬಿಡುತ್ತಿತ್ತು. ದಿನಾಲೂ. ಬೂಷ್ಟು ಮತ್ತೆ ಬಂತು.

ಮಾವನನ್ನೂ ಸೇರಿಸಿಕೊಂಡು ಡೀಲರ್‌ನನ್ನು ಫೋನಿನಲ್ಲಿ ಹಿಡಿದು ನಿಲ್ಲಿಸಿದೆ. “ಬಾಗಿಲು ತೆಗೀತಾ ಇರ್ತೀರೇನು?” ಅಂತ ಅವನು ಕೇಳಿದ. “ಇಲ್ರೀ. ಒಮ್ಮೆ ಹಾಕಿದ್ರ ಹಾಕಿದ್ದ” ಅಂದರು ಮಾವ. ಮಾವ ಸುಳ್ಳು ಹೇಳುವವರಲ್ಲ. ಅಂದಮೇಲೆ ತಪ್ಪು ಮಿಷನ್ನಿನದೇ. ಏರುವ ಮೀಟರನ್ನು ವಿಡಿಯೊ ಮಾಡಿ ಡೀಲರ್ ಮುಖಕ್ಕೆ ಹಿಡಿಯಬೇಕು ಅಂತ ಶನಿವಾರ ಮಧ್ಯಾಹ್ನ ಯಾರಿಗೂ ಹೇಳದೆ ಮಸ್ಕಿಯಿಂದ ಬಸ್ಸು ಹತ್ತಿದೆ.

ಮನೆಯ ಮುಂಬಾಗಿಲು ಚಿಲಕ ಹಾಕದೆ ಸುಮ್ಮನೆ ಮುಚ್ಚಿತ್ತು. ಬುದ್ಧನ ಫೋಟೊಕ್ಕೆ ಏರಿಸಿದ ಹೂವು ಇನ್ನೂ ಬಾಡಿರಲಿಲ್ಲ. “ಅತ್ತಿ” ಅಂದೆ, ಉತ್ತರವಿಲ್ಲ. ಹಿಂದಿನ ರೂಮಿನ ಬಾಗಿಲಲ್ಲಿ ಒಂದು ಚಿಕ್ಕ ಗಾಜಿದೆ. ಅದು ಒಳಗಿನಿಂದ ಮಂಜು ಕಟ್ಟಿತ್ತು. ಒಳಗೆ ಯಾರೋ ನಗುತ್ತಿದ್ದರು.

ಬಾಗಿಲು ತೆಗೆದೆ. ಬೋರಲು ಹಾಕಿದ ಒಂದು ಕ್ರೇಟ್ ಮೇಲೆ ಅತ್ತಿ, ಇನ್ನೊಂದರ ಮೇಲೆ ಮಾವ. ನಡುವೆ ಕರೆಂಟ್ ಒಲೆ, ಒಲೆಯ ಮೇಲೆ ಚಾ. ನಮ್ಮ ಕಡೆಯ ಚಾ ಗೊತ್ತಲ್ಲ? ಬಣ್ಣ ಕೆಂಪಾಗುವವರೆಗೆ ಕುದಿಯಬೇಕು, ಆಮೇಲೂ ಕುದಿಯಬೇಕು. ರೂಮಿನ ತುಂಬ ಹಬೆ.

“…ಅಂವಾ ಏನಂದ? ಆಡಿಗೂ ಟಿಕೇಟ್ ತಗಸೀನ್ರಿ, ಅದು ಸೀಟಿನ ಮ್ಯಾಲೇ ಕುಂದರ್ತದ ಅಂದ” ಅಂತ ಮಾವ ಯಾವುದೋ ಹಳೇ ಪ್ಯಾಸೆಂಜರ್ ಕಥೆ ಹೇಳುತ್ತಿದ್ದರು. ಅತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ಬಾಗ್ಲಾ ಹಾಕ ಯವ್ವಾ, ತಂಪು ಹೋಗ್ತದ.”

“ಬಾಗ್ಲಾ ತೆಗಿಯಂಗಿಲ್ಲ ಅಂದಿದ್ರಿ ಮಾವ?”

“ತೆಗಿಯಂಗಿಲ್ಲ. ಒಳಗ ಬಂದು ಹಾಕ್ಕೋತೀವಿ. ಅಂವ ಕೇಳಿದ್ದಕ್ಕ ಖರೇನ ಹೇಳೀನಿ.”

(ಕಾಲೇಜಿನಲ್ಲಾಗಿದ್ದರೆ ಈ ಉತ್ತರಕ್ಕೆ ಜಡ್ಜು ಮಾರ್ಕ್ಸ್ ಕೊಡುತ್ತಿದ್ದರು.)

ಇಷ್ಟು ದೊಡ್ಡ ಮನೆಯಲ್ಲಿ ಚಾ ಕುಡಿಯಲು ಬೇರೆ ಜಾಗ ಇಲ್ಲವೇ? ಕೇಳಿದೆ.

“ಹೊರಗ ಕುಂತ್ರ ಯಾರರ ಬರ್ತಾರ” ಅಂದಳು ಅತ್ತಿ. “ಟಿವಿ ಇರ್ತದ, ಸುಜಾತಾ ಫೋನ್ ಮಾಡ್ತಾಳ. ಇಲ್ಲಿ ಯಾರೂ ಕರಿಯಂಗಿಲ್ಲ. ಕರದ್ರೂ ಕೇಳಂಗಿಲ್ಲ.”

ಆಗಲಾದರೂ ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿಲ್ಲ. ಮೀಟರ್ ತೋರಿಸಿದೆ. ಹಬೆ ತೋರಿಸಿದೆ. ಒಂದು ಎಲೆ ಎತ್ತಿ, ಬೂಷ್ಟು ಹಿಡಿದ ಹಣ್ಣು ತೋರಿಸಿದೆ. ಸಾಕ್ಷಿ ಪೂರ್ತಿಯಾಯಿತು.

ಅತ್ತಿ ಒಲೆಯ ಸ್ವಿಚ್ ಆರಿಸಿದಳು. “ನನ್ನ ಚಾದಿಂದ ಏನವ್ವ ಇದು?”

ಗೆದ್ದ ಮೇಲೆ ಇಷ್ಟು ಕೆಟ್ಟದಾಗಿ ಅನಿಸಿದ್ದು ಅದೇ ಮೊದಲು. ಅವಸರದಲ್ಲಿ ರಾಜಿ ಸೂತ್ರ ಹುಡುಕಿದೆ. “ಹೊರಗ ಕುದಿಸಿ ಫ್ಲಾಸ್ಕಿನಾಗ ತಂದ್ರಾತು ಅತ್ತಿ.”

“ಫ್ಲಾಸ್ಕ್ ಬ್ಯಾಡ” ಅಂದಳು. “ದಿನಾ ಸಂಜಿಕ ಅದನ್ನ ಕೈಯಾಗ ಕೊಟ್ಟು ಇವ್ರನ್ನ ಡ್ಯೂಟಿಗೆ ಕಳಸ್ತಿದ್ದೆ. ಈಗೂ ಫ್ಲಾಸ್ಕ್ ಕಂಡ್ರ ಇವ್ರು ಹೊಂಟ್ರು ಅನ್ನಿಸ್ತದ. ಕುದಿಯೋತನಾ ಕುಂದರಬೇಕಲ್ಲ, ಆ ಕುಂದ್ರೋದು ಬೇಕು ನನಗ.”

ಆಮೇಲೆ ಬೋಗುಣಿ ಎತ್ತಿಕೊಂಡು ಮೆಲ್ಲಗೆ ಎದ್ದಳು. “ಇರ್ಲಿ. ಹಣ್ಣು ಉಳೀಲಿ. ನಾಳಿಂದ ನಾ ಒಳಗ ಬರಂಗಿಲ್ಲ.”

ಮಾವ ಅವಳ ಕೈಯಿಂದ ಚಾದ ಬೋಗುಣಿ ಇಸಿದುಕೊಂಡು ಮತ್ತೆ ಒಲೆಯ ಮೇಲೆ ಇಟ್ಟರು. ಸ್ವಿಚ್ ಒತ್ತಿದರು. “ಕುಂದರ. ಕುದೀಲಿ. ವಕೀಲಮ್ಮ ಇನ್ನೊಂದು ಮಿಷನ್ ನೋಡ್ತಾಳ.”

ಅವರ ಮುಖ ನೋಡಿದೆ. ಆಶ್ಚರ್ಯ ಅನ್ನುವುದು ಅಲ್ಲಿ ಸಾಸಿವೆಯಷ್ಟೂ ಇರಲಿಲ್ಲ.

ಈಗ ನೋಡುತ್ತಿರುವ ಮಿಷನ್ ರೂಮಿನ ಹೊರಗೇ ಕೂರುತ್ತದೆ. ಗೋಡೆಗೆ ತೂತು ಕೊರೆದು ಎರಡು ಪೈಪು ಒಳಗೆ ಬಿಡಬೇಕು, ಸದ್ದೆಲ್ಲಾ ಹೊರಗೇ ಉಳಿಯುತ್ತದೆ. ಲೆಕ್ಕಕ್ಕೆ ಗಿಡಗಳ ನೀರಿನ ಜೊತೆ ಒಂದು ಬೋಗುಣಿ ಚಾ, ಇಬ್ಬರ ಉಸಿರು ಸೇರಿಸಿದ್ದೇನೆ. ಸುಜಾತಕ್ಕನಿಗೂ ಫೋನ್ ಮಾಡಿ ಎಲ್ಲಾ ಹೇಳಿದೆ. “ಹಂಗಾರ ಸಂಜಿಮುಂದ ನಾ ಫೋನ್ ಮಾಡಂಗಿಲ್ಲ” ಅಂದಳು.

ನನಗೆ ಉಳಿದಿರುವುದು ಒಂದೇ ಪ್ರಶ್ನೆ. ಮಾವ, ಪೇಪರ್ ಬಂದ ಕೂಡಲೇ ಈ ಅಂಕಣ ಹುಡುಕುವವರು ನೀವು, ಅದಕ್ಕೆ ಇಲ್ಲೇ ಕೇಳುತ್ತೇನೆ. ದಿನಾಲೂ ಆ ಮೀಟರಿನ ಎದುರಿಗೇ ಕೂತಿರುತ್ತಿದ್ದಿರಿ ಮಾವ, ನೀವು ನನ್ನನ್ನು ಕರೆಸಿದ್ದು ಹಣ್ಣು ಉಳಿಸಲಿಕ್ಕೋ, ಅತ್ತಿಗೆ ‘ಇಲ್ಲಿ ಚಾ ಬ್ಯಾಡ’ ಅನ್ನುವುದನ್ನು ತಪ್ಪಿಸಿಕೊಳ್ಳಲಿಕ್ಕೋ?