ಎದೆ ಬಿಡಿಸುವ ಬೇವು

ಎಡಗಡೆ ಎದೆಯ ಗಂಟು ಮೊದಲು ಕೈಗೆ ಸಿಕ್ಕಿದ್ದು ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ. ಕಡಲೆಕಾಳಿನಷ್ಟಿತ್ತು. ನನಗೆ ಮೂವತ್ತೊಂದು ವರ್ಷ, ಮಗಳಿಗೆ ಇನ್ನೂ ಒಂದು ತುಂಬಿರಲಿಲ್ಲ. ಕುಡಿಯುವ ಕೂಸಿದ್ದ ಮೇಲೆ ಗಂಟು ಅಂದರೆ ಹಾಲು ಕಟ್ಟಿಕೊಂಡಿದೆ ಎಂದೇ ನಮ್ಮ ಕಡೆ ಲೆಕ್ಕ. ಉಡಿಗಾಲದಿಂದ ಬಂದ ಅವ್ವ ಒಂದು ಸಲ ಒತ್ತಿ ನೋಡಿ ತೀರ್ಪು ಕೊಟ್ಟೇಬಿಟ್ಟಳು.

"ಹಾಲು ಕಟ್ಕಂಡದೆ ಕಣಮ್ಮಿ. ಅರಿಸ್ನ ಹಚ್ಚುದ್ರೆ ಕರಗೋಯ್ತದೆ ಬುಡು."

ನಮ್ಮ ಹೊಲದ ಅರಿಸಿನವನ್ನೇ ತೇಯ್ದು, ಬಿಸಿ ಮಾಡಿ ದಪ್ಪಗೆ ಬಳಿದಳು. ಹೀಗೆ ನಾಲ್ಕು ತಿಂಗಳು. ನನಗೂ ಅದೇ ಬೇಕಿತ್ತು ಅನ್ನಿ. ದಿನಾ ಚಾಮರಾಜನಗರದ ಆಫೀಸಿಗೆ ಬಸ್ಸಿನಲ್ಲಿ ಓಡಾಡುವವಳಿಗೆ ರಜೆ ಹಾಕಿ ಆಸ್ಪತ್ರೆಗೆ ಹೋಗುವುದಕ್ಕಿಂತ ಅರಿಸಿನ ಸುಲಭ. ಮಗಳಿಗೆ ಬಲಗಡೆ ಮಾತ್ರ ಕುಡಿಸುತ್ತಿದ್ದೆ. ಅವಳು ಎಡಕ್ಕೆ ಬಾಯಿ ಹಾಕಲು ಬಂದಾಗಲೆಲ್ಲ ಅವ್ವ, "ಅವ್ವುಂಗೆ ಗಾಯ ಮಗಾ, ಉಫ್ ಅನ್ನು" ಎನ್ನುತ್ತಿದ್ದಳು. ಕೂಸು ಹಳದಿಯ ಮೇಲೆ ಎಂಜಲು ಸಿಡಿಸಿಕೊಂಡು ಊದುತ್ತಿತ್ತು. ನಾವಿಬ್ಬರೂ ನಗುತ್ತಿದ್ದೆವು.

ಗಂಟು ನಿಂಬೆಹಣ್ಣಿನಷ್ಟಾದ ಮೇಲೆ ಚಾಮರಾಜನಗರದ ಡಾಕ್ಟರಮ್ಮನ ಹತ್ತಿರ ಹೋದೆವು. ಈ ಹಳದಿ ಏನು ಎಂದು ಅವರು ಕೇಳಿದರೆ ಅವ್ವ ಹೆಮ್ಮೆಯಿಂದಲೇ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೂಜಿ ಚುಚ್ಚಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು, ವಾರದ ಮೇಲೆ ಕ್ಯಾನ್ಸರ್ ಎಂದರು. ಸೋಮವಾರದಿಂದ ಮೈಸೂರಿನಲ್ಲಿ ಕಿಮೋ, ಅಷ್ಟರೊಳಗೆ ಮಗು ಎದೆಹಾಲು ಬಿಡಬೇಕು, ಔಷಧಿ ಹಾಲಿನಲ್ಲಿ ಹೋಗುತ್ತದೆ ಎಂದರು. ಮಿಕ್ಕ ಮಾತು ಯಾವುದೂ ನನ್ನ ತಲೆಗೆ ಹೋಗಲಿಲ್ಲ.

ವಾಪಸು ಬರುವಾಗ, ಬಸ್ಸು ತೆರಕಣಾಂಬಿಯಲ್ಲಿ ನಿಂತಿದ್ದಾಗ, ಅವ್ವ ಬಾಯಿ ಬಿಟ್ಟಳು. "ನಾನೇ ಕೆಡುಸ್ಬುಟ್ನಲ್ಲ ಕಣಮ್ಮಿ."

ಹೌದು, ನೀನೇ ಎಂದು ಕೂಗಾಡುವಷ್ಟು ಸಿಟ್ಟು ನನ್ನಲ್ಲಿತ್ತು, ಶಕ್ತಿ ಇರಲಿಲ್ಲ. ಇಲ್ಲ ಬಿಡವ್ವ ಎನ್ನುವಷ್ಟು ಒಳ್ಳೆಯತನವೂ ಇರಲಿಲ್ಲ. ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡೆ. ಮನೆಗೆ ಬಂದವರೆಲ್ಲ "ಇಷ್ಟು ಚಿಕ್ಕ ವಯಸ್ಗೇ?" ಎಂದು ಕೇಳುತ್ತಿದ್ದರು, ನಾನೇನೋ ಅರ್ಜಿ ಹಾಕಿ ತರಿಸಿಕೊಂಡವಳ ಹಾಗೆ. ಉತ್ತರ ಹೇಳಿ ಹೇಳಿ ಸಾಕಾಗಿತ್ತು.

ಎದೆ ಬಿಡಿಸಲು ನಮ್ಮಲ್ಲಿ ಬೇವು ಹಚ್ಚುತ್ತಾರೆ. ಕಹಿ ತಾಗಿದರೆ ಎರಡು ದಿನ ಅತ್ತು ಮಗು ಮರೆಯುತ್ತದೆ. ಶನಿವಾರ ಬೆಳಿಗ್ಗೆ ಅವ್ವ ಸೊಪ್ಪು ಅರೆದು ತಂದು, ನನ್ನ ಮುಖ ನೋಡದೆ, ಬಲಗಡೆಗೆ ಬಳಿದಳು. ಮಗಳು ಅಳುವುದನ್ನು ಹೇಗೆ ತಡೆದುಕೊಳ್ಳಲಿ ಎಂಬುದೊಂದೇ ನನ್ನ ಭಯ.

ಮಗಳು ತಪ್ಪುಹೆಜ್ಜೆ ಇಟ್ಟುಕೊಂಡು ಬಂದು ತೊಡೆ ಹತ್ತಿದಳು, ಸೆರಗು ಎಳೆದಳು. ಹಸಿರು ನೋಡಿ ನಿಂತುಬಿಟ್ಟಳು. ಎಡಗಡೆ ನೋಡಿದಳು, ಮತ್ತೆ ಬಲಗಡೆ ನೋಡಿದಳು. ಬಾಯಿ ಹಾಕಲೇ ಇಲ್ಲ. ಕೆನ್ನೆ ಉಬ್ಬಿಸಿ ಉಫ್ ಉಫ್ ಎಂದು ಊದಿದಳು. ಆಮೇಲೆ ಸೆರಗನ್ನು ತಾನೇ ಮುಚ್ಚಿ, ಹೆಬ್ಬೆರಳು ಬಾಯಿಗಿಟ್ಟುಕೊಂಡು ನನ್ನ ತೊಡೆಯ ಮೇಲೆ ಮಲಗಿದಳು.

ಅವ್ವ ಬೇವಿನ ಬಟ್ಟಲು ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದಳು. ನನ್ನ ಎದೆಯಲ್ಲಿ ಹಾಲು ಇಳಿದು ಹಸಿರೆಲ್ಲ ರವಿಕೆಗೆ ಹತ್ತಿತು.